ರಿಪೋರ್ಟ್ ಎಲ್ಲ ನಾರ್ಮಲ್, ಆದರೂ ಅಪ್ಪ ಮೊದಲಿನ ಹಾಗಿಲ್ಲ

ಹಾಸನ ಕಡೆಯ ಓದುಗರೊಬ್ಬರು ಹೆಸರು ಹಾಕಬೇಡಿ ಎಂದು ಕೇಳಿಕೊಂಡು ಬರೆದಿದ್ದಾರೆ: "ಅಪ್ಪ ರಿಟೈರ್ ಆಗಿ ವರ್ಷವಾಯಿತು. ಎರಡು ತಿಂಗಳಿಂದ ಹೊಟ್ಟೆ ಉರಿ, ತಲೆಭಾರ ಅಂತಾರೆ. ಎಂಡೋಸ್ಕೋಪಿ, ಸ್ಕ್ಯಾನ್ ಎಲ್ಲ ನಾರ್ಮಲ್. ಮೊಮ್ಮಗನ ಮೇಲೂ ರೇಗುತ್ತಾರೆ. ಪೇಪರ್ ಬಂದರೆ ಮಡಿಕೆ ಕೂಡ ಬಿಚ್ಚಲ್ಲ. ಅಮ್ಮ ಸೋಮಾರಿತನ ಅಂತಾರೆ. ಸಾಲ ಇಲ್ಲ, ಪೆನ್ಷನ್ ಬರುತ್ತೆ, ಇವರಿಗೆ ಯಾಕೆ ಡಿಪ್ರೆಷನ್ ಬರುತ್ತೆ ಸಾರ್?"

ಪೆನ್ಷನ್ ಇದ್ದವರಿಗೆ ಶುಗರ್ ಬರುವುದಿಲ್ಲವೇ? ಇದೂ ಹಾಗೇ. ಕಾರಣ ಕೈಗೆ ಸಿಗಲೇಬೇಕೆಂದಿಲ್ಲ. ನಾನು ಡಾಕ್ಟರ್ ಅಲ್ಲ, ಪತ್ರ ಓದಿ ಕಾಯಿಲೆಯ ಹೆಸರು ಹೇಳಲಾರೆ. ಆದರೆ ಹೊಟ್ಟೆ ಉರಿಗಿಂತ ನನಗೆ ಜಾಸ್ತಿ ಚುಚ್ಚಿದ್ದು ಆ ಬಿಚ್ಚದ ಪೇಪರ್. ಇಷ್ಟಪಟ್ಟು ಮಾಡುತ್ತಿದ್ದ ಕೆಲಸವೇ ಬೇಡವಾಗುವುದು ಖಿನ್ನತೆಯ ಮುಖ್ಯ ಗುರುತುಗಳಲ್ಲೊಂದು.

ನಾವು ಅಳು ಹುಡುಕುತ್ತೇವೆ. ಆ ವಯಸ್ಸಿನ ಗಂಡಸರು ಮನೆಯವರ ಮುಂದೆ ಅಳುವುದು ಕಮ್ಮಿ. ರೇಗುತ್ತಾರೆ, ಇಲ್ಲವೇ ಹೊಟ್ಟೆ, ತಲೆ, ಸೊಂಟ ಅಂತ ಒಂದು ಕ್ಲಿನಿಕ್‌ನಿಂದ ಇನ್ನೊಂದಕ್ಕೆ ಅಲೆಯುತ್ತಾರೆ. ಅದು ನಾಟಕ ಅಲ್ಲ, ನೋವು ನಿಜವಾಗಿಯೂ ಇರುತ್ತದೆ. ಅವರ ನಿದ್ದೆ ಹೇಗಿದೆ ಎಂದು ಅಮ್ಮನನ್ನು ಕೇಳಿ: ಬೆಳಗಿನ ಜಾವ ಮೂರಕ್ಕೇ ಎಚ್ಚರವಾಗಿ ಮತ್ತೆ ನಿದ್ದೆ ಹತ್ತದೆ ಹೊರಳಾಡುತ್ತಾರಾ, ಬೆಳಗ್ಗೆ ತೀರಾ ಮಂಕಾಗಿದ್ದು ಸಂಜೆ ಹೊತ್ತಿಗೆ ಸ್ವಲ್ಪ ಗೆಲುವಾಗುತ್ತಾರಾ, ಊಟ ಕಮ್ಮಿಯಾಗಿ ಷರ್ಟ್ ಸಡಿಲವಾಗಿದೆಯಾ, ಸ್ನಾನ ಶೇವಿಂಗ್‌ಗೂ ಹತ್ತು ಸಲ ಹೇಳಬೇಕಾ? ಇಂಥದ್ದು ಹೆಚ್ಚುಕಮ್ಮಿ ಪ್ರತಿದಿನ, 2 ವಾರ ಬಿಡದೆ ಇದ್ದರೆ ತೋರಿಸಲೇಬೇಕು. ನಿಮ್ಮ ಲೆಕ್ಕದಲ್ಲಿ ಆಗಲೇ ಎರಡು ತಿಂಗಳಾಗಿದೆ.

"ಮಾನಸಿಕ ಡಾಕ್ಟರ್" ಅಂದರೆ ಅವರು ಚಪ್ಪಲಿ ಹಾಕಿಕೊಳ್ಳುವುದೇ ಇಲ್ಲ, ಅಲ್ವಾ? ಹಾಗಾದರೆ "ನಿದ್ದೆ ಸರಿಯಿಲ್ಲ ಅಪ್ಪ, ಅದನ್ನ ತೋರಿಸೋಣ" ಅನ್ನಿ. ಅದು ಸುಳ್ಳೂ ಅಲ್ಲ. ಗೊತ್ತಿರುವ ಡಾಕ್ಟರಿಂದಲೇ ಶುರು ಮಾಡಬಹುದು. ಥೈರಾಯ್ಡ್, ವಿಟಮಿನ್ ಬಿ12 ಕಮ್ಮಿಯಾದರೂ ಹೀಗೇ ಮಂಕು ಕವಿಯುವುದುಂಟು, ಅದನ್ನೂ ನೋಡುತ್ತಾರೆ. ಮಾತ್ರೆ ಕೊಟ್ಟರೆ ಪರಿಣಾಮ ಕಾಣಲು ಕೆಲವು ವಾರ ಬೇಕು. ಹುಷಾರಾಯಿತು ಅಂತ ನೀವೇ ನಿಲ್ಲಿಸಬೇಡಿ. ಮೆಡಿಕಲ್ ಸ್ಟೋರಿನಲ್ಲಿ ಕೇಳಿ ನಿದ್ದೆ ಮಾತ್ರೆ ತರುವುದಂತೂ ಬೇಡವೇ ಬೇಡ.

ನಿಮಗೇ ಗೊಂದಲವಿದ್ದರೆ 14416ಕ್ಕೆ ಫೋನ್ ಮಾಡಿ. 2022ರಲ್ಲಿ ಶುರುವಾದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಅದು. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಮನೆಯವರೂ ಮಾಡಬಹುದು.

ಒಂದು ಮಾತು ಮಾತ್ರ ತಳ್ಳಿಹಾಕಬೇಡಿ. ಅಪ್ಪ "ನಾನಿದ್ದು ಏನು ಪ್ರಯೋಜನ" ಅಂತ ಅಂದರೆ, ಸಾಯಬೇಕು ಅನ್ನಿಸುತ್ತಿದೆಯಾ ಎಂದು ನೇರವಾಗಿ ಕೇಳಿ. ಕೇಳಿದರೆ ಇಲ್ಲದ ಯೋಚನೆ ಹುಟ್ಟುವುದಿಲ್ಲ. ಹೌದು ಅಂದರೆ ಒಬ್ಬರನ್ನೇ ಬಿಡದೆ ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ತೋಟಕ್ಕೆ ಹೊಡೆಯುವ ಔಷಧಿ ಮನೆಯಲ್ಲಿದ್ದರೆ ಈಗಲೇ ಬೇರೆ ಕಡೆ ಸಾಗಿಸಿ, ಬೀಗ ಹಾಕಿ.

ಡಾಕ್ಟರ್ ಹತ್ತಿರ ಹೋಗುವಾಗ ಹಳೇ ರಿಪೋರ್ಟು, ಈಗ ನುಂಗುತ್ತಿರುವ ಮಾತ್ರೆಗಳ ಚೀಟಿ ಜೊತೆಗಿರಲಿ. ಸುಮ್ನೆ ಅದೇ ಟೆಸ್ಟಿಗೆ ಮತ್ತೆ ದುಡ್ಡು ಸುರಿಯುವುದು ತಪ್ಪುತ್ತದೆ.