ವಾಚನಾಲಯದ ಮೂರು ಮೆಟ್ಟಿಲು

ಪ್ರಶ್ನೆ: ನಮ್ಮೂರಿನ ವಾಚನಾಲಯಕ್ಕೆ ಈಗ ಮೂರು ಎತ್ತರದ ಮೆಟ್ಟಿಲುಗಳಿವೆ. ಹೊಸ ಕಟ್ಟಡಕ್ಕೆ ಇಳಿಜಾರು ದಾರಿ ಬೇಕೆಂದು ನಾನು ಸಮಿತಿಯಲ್ಲಿ ಹೇಳಿದಾಗ, "ಗಾಲಿಕುರ್ಚಿಯವರು ಯಾರೂ ಇಲ್ಲಿಗೆ ಬರುವುದಿಲ್ಲ, ಮತ್ತೇಕೆ ಈ ಖರ್ಚು? ಬೇಕಾದರೆ ಡಿಸೆಂಬರ್ 3ರ ಅಂಗವಿಕಲರ ದಿನದಂದು ಜಾಗೃತಿ ಸಭೆ ನಡೆಸೋಣ" ಎಂದರು. ಅವರಿಗೆ ಏನು ಹೇಳಲಿ?
– ಓದುಗರು, ಪೆರ್ಲ

ಉತ್ತರ: ಅವರು ಬರುವುದಿಲ್ಲ ಎಂಬುದು ನಿಜವಿರಬಹುದು, ಏಕೆ ಬರುವುದಿಲ್ಲ ಎಂಬುದಕ್ಕೆ ಆ ಮೂರು ಮೆಟ್ಟಿಲುಗಳೇ ಉತ್ತರ. ಕಾಸರಗೋಡು ಜಿಲ್ಲೆಯ ನಿಮ್ಮ ಎಣ್ಮಕಜೆ ಪಂಚಾಯತಿಯ ನೆಲದಲ್ಲಿ ಈ ಮಾತು ಕೇಳಿಬಂದಾಗ ನನಗೆ ಇನ್ನಷ್ಟು ನೋವಾಗುತ್ತದೆ. ಗೇರು ತೋಟಗಳ ಮೇಲೆ 2000ದವರೆಗೆ ಎರಡು ದಶಕಗಳಿಗೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದ, ಅದರಿಂದ ಅನೇಕರು ಅಂಗವೈಕಲ್ಯಕ್ಕೆ ತುತ್ತಾದ ಪ್ರದೇಶವದು. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಪರಿಹಾರ ನೀಡಬೇಕೆಂದು ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲಿ ಆದೇಶಿಸಿತು. ಆದರೆ ಪರಿಹಾರದ ಹಣ ಕೈಸೇರಿದವರಿಗೂ ಊರಿನ ವಾಚನಾಲಯದ ಹೊಸ್ತಿಲು ದಾಟಲಾಗದಿದ್ದರೆ, ಅವರನ್ನು ಮನೆಯೊಳಗೆ ಕೂರಿಸಿದವರಲ್ಲಿ ನಾವೂ ಸೇರುತ್ತೇವೆ.

ಇದು ಔದಾರ್ಯದ ವಿಷಯವಲ್ಲ ಎಂಬುದನ್ನೂ ಸಮಿತಿಗೆ ಸ್ಪಷ್ಟವಾಗಿ ತಿಳಿಸಿ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 44ನೆಯ ಕಲಮಿನಂತೆ, ಸುಗಮ ಪ್ರವೇಶದ ನಿಯಮಗಳಿಗೆ ಹೊಂದದ ನಕ್ಷೆಗೆ ಕಟ್ಟಡದ ಅನುಮತಿಯನ್ನೇ ಕೊಡುವಂತಿಲ್ಲ. ಈ ನಿಯಮಗಳು ಬರೀ ಶಿಫಾರಸುಗಳಾಗಿ ಉಳಿಯಬಾರದು, ಕಡ್ಡಾಯವಾಗಬೇಕು ಎಂದು 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಇನ್ನು ಇಳಿಜಾರಿನ ಲೆಕ್ಕ. ಬಹುಪಾಲು ಕಡೆ ತಪ್ಪುವುದೇ ಇಲ್ಲಿ. ಒಂದು ಅಡಿ ಎತ್ತರಕ್ಕೆ ಕನಿಷ್ಠ ಹನ್ನೆರಡು ಅಡಿ ಉದ್ದ ಬೇಕು. ಅಂದರೆ ನಿಮ್ಮ ಮೂರು ಮೆಟ್ಟಿಲುಗಳ ಒಟ್ಟು ಎತ್ತರ ಒಂದೂವರೆ ಅಡಿಯಾದರೆ ದಾರಿ ಹದಿನೆಂಟು ಅಡಿಯಾಗುತ್ತದೆ. ಜಾಗವಿಲ್ಲವೆಂದು ಆರೇಳು ಅಡಿಗೇ ಮುಗಿಸಿದ ದಾರಿಯಲ್ಲಿ ಕುರ್ಚಿಯವರು ತಾವಾಗಿ ಏರಲಾರರು, ಇಳಿಯುವಾಗ ಮಗುಚಿ ಬೀಳುವ ಅಪಾಯವೂ ಇದೆ. ಅದಕ್ಕಿಂತ ಕಟ್ಟಡದ ಪಂಚಾಂಗವನ್ನೇ (ನೆಲಗಟ್ಟನ್ನೇ) ಆದಷ್ಟು ತಗ್ಗಿಸಿ ಕಟ್ಟುವುದು ಮೇಲು, ಮಳೆನೀರು ಹರಿದುಹೋಗಲು ಸುತ್ತ ಚರಂಡಿಯಿದ್ದರಾಯಿತು. ಎರಡೂ ಬದಿಗೆ ಕೈಹಿಡಿಯಿರಲಿ, ಬಾಗಿಲಿನ ತೆರಪು 90 ಸೆಂಟಿಮೀಟರಿಗೆ ಕಡಿಮೆಯಾಗದಿರಲಿ. ನಯವಾದ ಟೈಲ್ಸ್ ಖಂಡಿತ ಬೇಡ: ನಮ್ಮ ಆಟಿ ತಿಂಗಳ ಮಳೆಗೆ ಹಾವಸೆ ಕಟ್ಟಿದ ಇಳಿಜಾರಿನಲ್ಲಿ ಗಟ್ಟಿಮುಟ್ಟಾದವರೂ ಜಾರುತ್ತಾರೆ. ಮಂಡಿನೋವಿನ ಅಜ್ಜಿಯರು, ಕಂಕುಳಲ್ಲಿ ಕೂಸಿರುವ ತಾಯಂದಿರು, ಅಡಿಕೆ ಮರದಿಂದ ಬಿದ್ದು ನಡೆಯಲಾಗದಂತಾದವರು, ಎಲ್ಲರಿಗೂ ಬೇಕಾದ ದಾರಿಯಿದು.

ದೃಷ್ಟಿ ಮಂದವಾದವರಿಗೆ ದಪ್ಪ ಅಕ್ಷರದ ಕನ್ನಡ ಫಲಕ ಮತ್ತು ಓದಿ ಕೇಳಿಸುವ ವ್ಯವಸ್ಥೆಯನ್ನೂ ಮರೆಯಬೇಡಿ.

ಜಾಗೃತಿ ಸಭೆಯನ್ನು ಅವಶ್ಯ ನಡೆಸಿ, ಆದರೆ ಶಾಲು ಹೊದಿಸಿ ಕಳುಹಿಸುವ ಸಭೆಯಾಗಿ ಅಲ್ಲ. ಮೆಟ್ಟಿಲಿಲ್ಲದ ಜಾಗದಲ್ಲಿ, ಕನ್ನಡದ ಜೊತೆಗೆ ತುಳುವಿನಲ್ಲೂ ಮಾತು ನಡೆಯಲಿ. ಅಂಗವಿಕಲರನ್ನೂ ಅವರ ಮನೆಯವರನ್ನೂ ಕರೆದು, ಬಂದುಹೋಗುವ ವಾಹನದ ಖರ್ಚನ್ನು ಸಮಿತಿಯೇ ವಹಿಸಿಕೊಂಡು, ನಕ್ಷೆಯನ್ನು ಅವರ ಮುಂದೆ ಹರಡಿ ಎಲ್ಲಿ ತೊಡಕಾಗುತ್ತದೆಂದು ಕೇಳಿ. ಅವರಲ್ಲಿ ಇಬ್ಬರನ್ನಾದರೂ ಕಟ್ಟಡ ಸಮಿತಿಗೆ ಸೇರಿಸಿಕೊಳ್ಳಿ. ಇದಕ್ಕಾಗಿ ಡಿಸೆಂಬರಿನವರೆಗೆ ಕಾಯಬೇಡಿ. ನಕ್ಷೆ ಪಂಚಾಯತಿಗೆ ಹೋಗುವ ಮೊದಲೇ ಈ ಸಭೆ ಆಗಬೇಕು.