ಗಾಜಿನ ಜಲ್ಲಿ ಮೇಲೆ ಹೆದ್ದಾರಿ ನಿಲ್ಲುತ್ತಾ?

ಪ್ರಶ್ನೆ: ಮಗ ಫಿಲಡೆಲ್ಫಿಯಾದಲ್ಲಿದ್ದಾನೆ. 2023ರಲ್ಲಿ ಅಲ್ಲಿ ಬೆಂಕಿಗೆ ಕುಸಿದ ಹೆದ್ದಾರಿ ಸೇತುವೆ ಜಾಗಕ್ಕೆ ಗಾಜಿನ ಜಲ್ಲಿ ತುಂಬಿಸಿ ರಸ್ತೆ ಮಾಡಿದರು ಅಂತಾನೆ. ಅಷ್ಟು ಲಾರಿ ಓಡಾಡಿದರೆ ಗಾಜು ಪುಡಿಯಾಗೋದಿಲ್ವಾ?
– ಓದುಗರು, ಕುಂದಾಪುರ

ಉತ್ತರ: ಮಗ ಹೇಳಿದ್ದು ನಿಜ. ಅದು ಐ-95 ಹೆದ್ದಾರಿ. ಜೂನ್ 11ರಂದು ಸೇತುವೆ ಕೆಳಗೆ ಪೆಟ್ರೋಲ್ ಟ್ಯಾಂಕರ್ ಮಗುಚಿ ಹೊತ್ತಿಕೊಂಡಿತು. ಚಾಲಕರು ತೀರಿಕೊಂಡರು, ಮೇಲಿನ ಸೇತುವೆ ಕುಸಿಯಿತು. ಹೊಸದು ಕಟ್ಟೋಕೆ ತಿಂಗಳುಗಟ್ಟಲೆ ಬೇಕು, ಅಲ್ಲಿಯವರೆಗೆ ರಸ್ತೆ ಮುಚ್ಚುವಂತಿಲ್ಲ. ಹಾಗಾಗಿ ಖಾಲಿಯಾದ ಜಾಗಕ್ಕೆ ಸುಮಾರು 2,000 ಟನ್ ಗಾಜಿನ ಜಲ್ಲಿ ತುಂಬಿಸಿ, ಮೇಲೆ ಡಾಂಬರು ಹಾಕಿ, ಜೂನ್ 23ಕ್ಕೆ ಆರು ಲೇನ್ ಬಿಟ್ಟೇ ಬಿಟ್ಟರು. ಕೊನೆಯಲ್ಲಿ ಮಳೆ ಬಂದಾಗ ಕಾರ್ ರೇಸ್ ಮೈದಾನ ಒಣಗಿಸುವ ಜೆಟ್ ಯಂತ್ರ ತರಿಸಿ ರಸ್ತೆ ಒಣಗಿಸಿದ್ದರು!

ಪುಡಿಯಾಗೋ ಭಯ ಸಹಜ. ಆದರೆ ಇದು ಒಡೆದ ಬಾಟಲಿಯ ಚೂರಲ್ಲ. ಗುಜರಿ ಬಾಟಲಿಗಳನ್ನು ತೊಳೆದು, ಹಿಟ್ಟಿನಷ್ಟು ನುಣ್ಣಗೆ ಅರೆದು, ಗುಳ್ಳೆ ಬರಿಸುವ ಪುಡಿ (ಹೆಚ್ಚಾಗಿ ಸಿಲಿಕಾನ್ ಕಾರ್ಬೈಡ್) ಸ್ವಲ್ಪ ಬೆರೆಸಿ, 900 ಡಿಗ್ರಿ ಆಸುಪಾಸಿನ ಕುಲುಮೆಯೊಳಗೆ ಹಾಯಿಸುತ್ತಾರೆ. ಗಾಜು ಮೆತ್ತಗಾಗಿ ಉಬ್ಬಿ, ದಪ್ಪ ಹಲಗೆಯಾಗಿ ಹೊರಗೆ ಬರುತ್ತದೆ. ತಣ್ಣಗಿನ ಗಾಳಿ ತಾಗಿದ ಕೂಡಲೇ ಪಟಪಟ ಬಿರಿದು ತಾನೇ ತುಂಡಾಗುತ್ತದೆ. ಒಂದು ತುಂಡು ಕೈಗೆತ್ತಿಕೊಂಡರೆ ಬೂದು ಬಣ್ಣ, ಒರಟು ಮೈ, ಒಳಗೆಲ್ಲ ಪುಟ್ಟ ಪುಟ್ಟ ಗುಳ್ಳೆ, ತೂಕವೇ ಇಲ್ಲ ಅನ್ನಿಸುತ್ತೆ. ಬಕೆಟ್ ನೀರಿಗೆ ಹಾಕಿದರೆ ತೇಲುತ್ತದೆ.

ಮೈ ಒರಟಾದ್ದರಿಂದ ತುಂಡುಗಳು ಒಂದಕ್ಕೊಂದು ಚೆನ್ನಾಗಿ ಕಚ್ಚಿಕೊಳ್ಳುತ್ತವೆ. ಪದರ ಪದರವಾಗಿ ಸುರಿದು, ಚೈನ್ ಇರೋ ಯಂತ್ರ (ನಮ್ಮಲ್ಲಿ ಹಿಟಾಚಿ ಅಂತೀವಲ್ಲ, ಅಂಥದ್ದು) ಓಡಿಸಿ ತುಳಿಸುತ್ತಾರೆ. ಭಾರಿ ರೋಲರ್ ಹತ್ತಿಸಿದರೆ ಮಾತ್ರ ನಿಮ್ಮ ಭಯ ನಿಜವಾಗುತ್ತೆ. ಲಾರಿಯ ಚಕ್ರ ಯಾವತ್ತೂ ನೇರವಾಗಿ ಇದರ ಮೇಲೆ ಕೂರೋದಿಲ್ಲ. ಮೇಲಿನ ಸಾಮಾನ್ಯ ಜಲ್ಲಿ, ಡಾಂಬರಿನ ಪದರಗಳು ಭಾರವನ್ನು ಹರಡುತ್ತವೆ. ಕೆಲಸ ಮಾಡುವವರಿಗೆ ದೂಳಿನ ಕಾಟ ಇದ್ದೇ ಇದೆ. ಮಾಸ್ಕ್, ಕನ್ನಡಕ, ಕೈಗವಸು ಬೇಕೇ ಬೇಕು.

ಪ್ರಶ್ನೆ: ನಮ್ಮ ಕಡೆ ಹೊಳೆ ಸೇತುವೆಗಳ ಎರಡೂ ತುದಿಯಲ್ಲಿ ರಸ್ತೆ ಕೂತು, ಬಸ್ಸು ದಡಕ್ಕನೆ ಎಗರುತ್ತೆ. ಇದಕ್ಕೆ ಆ ಜಲ್ಲಿ ಆಗುತ್ತಾ?
– ಓದುಗರು, ಮಂಗಳೂರು

ಉತ್ತರ: ಇದು ಹೇಳಿ ಮಾಡಿಸಿದಂಥ ಜಾಗ, ಆದರೆ ಕುಸಿತಕ್ಕೆ ಕಾರಣ ಕೆಳಗಿನ ಕೆಸರು ಮಣ್ಣೇ ಆಗಿದ್ದರೆ ಮಾತ್ರ. ಸೇತುವೆ ಆಳದ ಪೈಲ್ (ನೆಲದಾಳಕ್ಕೆ ಇಳಿಸಿದ ಕಂಬ) ಮೇಲೆ ನಿಂತಿರುತ್ತೆ, ಅದು ಅಲುಗಾಡಲ್ಲ. ಪಕ್ಕದ ಏರಿ ಮೆತ್ತನೆ ಜೇಡಿಯ ಮೇಲೆ ಕೂತಿರುತ್ತೆ. ಐದು ಮೀಟರ್ ಎತ್ತರದ ಮಣ್ಣಿನ ಏರಿ ಅಂದ್ರೆ ಪ್ರತಿ ಚದರ ಮೀಟರಿಗೆ ಒಂಬತ್ತು, ಒಂಬತ್ತೂವರೆ ಟನ್ ಭಾರ. ಅದರ ಮುಂದೆ ಲಾರಿಯ ಭಾರ ಏನೂ ಅಲ್ಲ, ಏರಿಯೇ ತನ್ನ ತೂಕಕ್ಕೆ ವರ್ಷಗಟ್ಟಲೆ ಇಳೀತಾ ಹೋಗುತ್ತದೆ. ಅಷ್ಟೇ ಎತ್ತರ ಗಾಜಿನ ಜಲ್ಲಿ ಹಾಕಿದರೆ ತುಂಬಿದ್ದರ ಭಾರ ಒಂದೂವರೆ ಟನ್ನಿಗೆ ಇಳಿಯುತ್ತದೆ. ನಾರ್ವೆಯವರು ಮೆತ್ತನೆ ಜೇಡಿಯ ಮೇಲಿನ ರಸ್ತೆಗಳಿಗೆ ಇದನ್ನು ಬಳಸೋದು ಇದಕ್ಕೇ.

ಆದರೆ ಅದು ತೇಲುತ್ತೆ ಅಂದೆನಲ್ಲ, ನೆರೆ ಬರೋ ಜಾಗದಲ್ಲಿ ಅದೇ ಅಪಾಯ. ಎಷ್ಟು ಎತ್ತರಕ್ಕೆ ನೀರು ಬರುತ್ತೆ ಅಂತ ಲೆಕ್ಕ ಹಾಕಿ, ಏಳದಂತೆ ಮೇಲೆ ಸಾಕಷ್ಟು ಭಾರ ಇಡಲೇಬೇಕು. ದೂರದಿಂದ ತರಿಸೋದೂ ದಂಡ, ಲಾರಿ ತುಂಬ ಗಾಳಿಯನ್ನೇ ಹೊತ್ತ ಹಾಗೆ. ಕುಲುಮೆ ಹತ್ತಿರದಲ್ಲೇ ಇರಬೇಕು. ಇದರ ಬದಲು ಏರಿಗೆ ತುಂಬಿಸುವ ಥರ್ಮಾಕೋಲ್ ದಿಮ್ಮಿ ಇನ್ನೂ ಹಗುರ ನಿಜ, ಆದರೆ ಪೆಟ್ರೋಲ್ ಸೋರಿದರೆ ಕರಗುತ್ತೆ. ಗಾಜಿಗೆ ಆ ಚಿಂತೆ ಇಲ್ಲ, ಬೆಂಕಿಯೂ ಹತ್ತಲ್ಲ. ರಾಯಚೂರಿನಂಥ ವಿದ್ಯುತ್ ಸ್ಥಾವರಗಳ ಹಾರುಬೂದಿ ಮಣ್ಣಿಗಿಂತ ಹಗುರ, ಗಾಜಿನಷ್ಟಲ್ಲ. ಮೊದಲು ಬೋರ್ ಹೊಡೆಸಿ ಮಣ್ಣು ನೋಡಲಿ. ಸರಿಯಾಗಿ ತುಳಿಸದೆ, ನೀರು ಕೊರೆದು ಕೂತ ರಸ್ತೆಗೆ ಇಷ್ಟು ಖರ್ಚಿನ ಮದ್ದು ಬೇಕಿಲ್ಲ.

ಪ್ರಶ್ನೆ: ಎರೆ ಭೂಮಿಯಲ್ಲಿ ಮನೆ ಕಟ್ಟುತ್ತಿದ್ದೇನೆ. ಪಾಯಕ್ಕೆ ಇದನ್ನು ತುಂಬಿಸಬಹುದಾ?
– ಓದುಗರು, ಗದಗ

ಉತ್ತರ: ಬೇಡ. ಎರೆ ಮಣ್ಣಿನ ತೊಂದರೆ ಭಾರಕ್ಕೆ ಇಳಿಯೋದಲ್ಲ, ನೀರು ಕುಡಿದು ಉಬ್ಬಿ ಮೇಲಕ್ಕೆ ಎತ್ತೋದು. ಮೇಲಿರೋದು ಹಗುರವಾದಷ್ಟೂ ಎತ್ತೋದು ಸುಲಭ. ಎರೆ ತೆಗೆಸಿ ಗರಸು ತುಂಬಿಸಿ ಗಟ್ಟಿಯಾಗಿ ತುಳಿಸಿ, ಪಾಯದ ಸುತ್ತ ನೀರು ಇಂಗದಂತೆ ನೋಡಿಕೊಳ್ಳಿ. ಎರೆ ತುಂಬಾ ಆಳಕ್ಕಿದ್ದರೆ ತುದಿ ಅಗಲ ಇರುವ ಪೈಲ್ ಬಗ್ಗೆ ನಿಮ್ಮ ಎಂಜಿನಿಯರ್ ಹತ್ತಿರ ಕೇಳಿ.