ಪಿತ್ತಗಂಧೆ, ಮಾತ್ರೆಯ ಮಂಪರು, ಮಂಡಿಯ ಲೆಕ್ಕ

ನಾನು ಆಪ್ತಸಮಾಲೋಚಕಿ. ಮೊದಲು ನನಗೆ ಫೋನ್ ಮಾಡಿದ್ದು ಗಂಡ. "ಮೇಡಂ, ನನ್ನ ಹೆಂಡ್ತಿಗೆ ಡಿಪ್ರೆಶನ್ ಇರ್ಬೇಕು. ಯಾವಾಗ ನೋಡಿದ್ರೂ ಮಲಗಿರ್ತಾಳೆ, ಮಗಳ ಹೋಮ್‌ವರ್ಕ್ ನೋಡಲ್ಲ, ಕರೆದ್ರೆ ಸರಿಯಾಗಿ ಮಾತಾಡಲ್ಲ. ನೀವೊಂದ್ಸಲ ಮಾತಾಡ್ಸಿ."

ಆಕೆಯ ಹೆಸರು ಗಿರಿಜಾ ಅಂತಿಟ್ಟುಕೊಳ್ಳೋಣ. ಗುರುತು ಸಿಗದಿರಲಿ ಅಂತ ಕೆಲವು ವಿವರ ಬದಲಿಸಿದ್ದೇನೆ. ವಯಸ್ಸು 35ರ ಆಸುಪಾಸು. ದಾವಣಗೆರೆ ಎಪಿಎಂಸಿಯ ಒಂದು ದಲಾಲಿ ಮಂಡಿಯಲ್ಲಿ ಲೆಕ್ಕ ಬರೆಯುತ್ತಾರೆ. ಮೆಕ್ಕೆಜೋಳ ಬರೋ ಕಾಲದಲ್ಲಿ ಚೀಲ, ತೂಕ, ಹಮಾಲಿ, ಕಮಿಷನ್ ಅಂತ ತಲೆ ಎತ್ತಲು ಪುರುಸೊತ್ತಿರದ ಕೆಲಸ. ಆ ಸಮಯದಲ್ಲೇ ಒಂದು ಪಟ್ಟಿಯಲ್ಲಿ ರೈತರೊಬ್ಬರ ತೂಕ ತಪ್ಪಾಗಿ ಬಿದ್ದು, ಮಾಲೀಕರು ಎಲ್ಲರೆದುರು ಬೈದಿದ್ದರು.

ನನ್ನೆದುರು ಕೂತಾಗ ಒಂದು ಕೈ ಸೆರಗಿನೊಳಗೇ ಇತ್ತು. ಲಂಗದ ಲಾಡಿ ಬಿಗಿದ ಕಡೆ ಸೊಂಟದ ಸುತ್ತ ಕೆಂಪಗೆ ಉಬ್ಬಿದ ಸಾಲು. ಮುಂಗೈಯಲ್ಲೂ ದದ್ದು, ಅದಕ್ಕೇ ಬಳೆ ತೆಗೆದಿಟ್ಟಿದ್ದರು. ಬಳೆ ಯಾಕಿಲ್ಲ ಅಂತ ಮನೆಯಲ್ಲಿ ಅದಕ್ಕೂ ಒಂದು ಮಾತು ಬಂದಿತ್ತಂತೆ. ಇದು ಪಿತ್ತಗಂಧೆ, ಅಂದರೆ ತುರಿಸುತ್ತಾ ಎದ್ದು ತಾನೇ ಮಾಯವಾಗುವ ದದ್ದು. ಒಂದು ವರ್ಷದಿಂದ ಹೀಗೇ ಇದೆ. ಬೆಳಿಗ್ಗೆ ತೊಡೆಯಲ್ಲಿ ಎದ್ದ ಗಂಧೆ ಮಧ್ಯಾಹ್ನದ ಹೊತ್ತಿಗೆ ಮಾಯ, ಸಂಜೆ ಬೆನ್ನಲ್ಲಿ ಹೊಸದು. ಡಾಕ್ಟರ ಹತ್ತಿರ ಹೋಗುವಷ್ಟರಲ್ಲಿ ಮೈಮೇಲೆ ಏನೂ ಇರಲ್ಲ. "ಎಲ್ಲಿದೆ, ತೋರಿಸಿ ಅಂತಾರೆ ಮೇಡಂ. ಸುಳ್ಳು ಹೇಳ್ತಿದ್ದೀನೇನೋ ಅನ್ನಿಸಿಬಿಡುತ್ತೆ."

ಗಂಡ ಡಿಪ್ರೆಶನ್ ಅಂದಿದ್ದರಿಂದ ನಾನು ಆ ಕಡೆಯಿಂದಲೇ ಕೇಳುತ್ತಾ ಹೋದೆ. ಇಷ್ಟವಿದ್ದ ಕೆಲಸದಲ್ಲಿ ಆಸಕ್ತಿ ಹೋಗಿದೆಯಾ, ಸುಮ್ಮಸುಮ್ನೆ ಅಳು ಬರುತ್ತಾ, ಬದುಕೇ ಬೇಡ ಅನ್ನಿಸುತ್ತಾ? ಈ ಕೊನೆಯ ಪ್ರಶ್ನೆಯನ್ನು ಸಂಕೋಚ ಪಡದೆ ಕೇಳಬೇಕು, ಯಾಕಂದ್ರೆ ತಿಂಗಳುಗಟ್ಟಲೆ ತುರಿಕೆ, ನಿದ್ದೆಗೇಡು ಇದ್ದವರಲ್ಲಿ ಮನಸ್ಸು ಕುಸಿಯೋದು ಅಪರೂಪವೇನಲ್ಲ. ಗಿರಿಜಾ ಇಲ್ಲ ಅಂತ ತಲೆ ಅಲ್ಲಾಡಿಸಿದರು. "ಮನಸ್ಸಿದೆ ಮೇಡಂ, ಕಣ್ಣೇ ಬಿಡೋಕಾಗಲ್ಲ."

ಆ ಮಾತು ಕೇಳಿದ ಮೇಲೆ ನಾನು ಮಾತ್ರೆ ತೋರಿಸಿ ಅಂದೆ. ಪರ್ಸಿನಿಂದ ಎರಡು ಬಗೆಯ ಮಾತ್ರೆ ಹೊರಬಂತು. ಒಂದು ಡಾಕ್ಟರು ರಾತ್ರಿಗೆ ಅಂತ ಬರೆದುಕೊಟ್ಟ ಲಿವೊಸಿಟ್ರಿಜಿನ್. ಇನ್ನೊಂದು ಕ್ಲೋರ್‌ಫೆನಿರಮಿನ್, ಮೆಡಿಕಲ್ ಶಾಪಿನಲ್ಲಿ "ತುರಿಕೆ ಜಾಸ್ತಿ ಆದ್ರೆ ತಗೊಳ್ಳಿ" ಅಂತ ಕೊಟ್ಟಿದ್ದು, ದಿನಕ್ಕೆ ಮೂರು ಸಲ ನುಂಗುತ್ತಿದ್ದರು. ಇದು ಹಳೇ ತಲೆಮಾರಿನ ಅಲರ್ಜಿ ಮಾತ್ರೆ. ಮಿದುಳಿನೊಳಗೆ ಸಲೀಸಾಗಿ ಇಳಿಯುತ್ತೆ, ಅಲ್ಲಿ ನಮ್ಮನ್ನು ಎಚ್ಚರವಾಗಿಡುವ ರಾಸಾಯನಿಕ ಹಿಸ್ಟಮಿನ್‌ನ ಕೆಲಸವನ್ನೂ ತಡೆಯುತ್ತೆ. ಮಂಪರು, ಬಾಯಿ ಒಣಗೋದು, ಮಲಬದ್ಧತೆ, ನೆನಪು ಮಂಕಾಗೋದು ಎಲ್ಲವೂ ಇದರಿಂದ ಬರಬಹುದು. ಲಿವೊಸಿಟ್ರಿಜಿನ್ ಹೊಸ ತಲೆಮಾರಿನದು, ಆದರೂ ಕೆಲವರಿಗೆ ಅದೂ ನಿದ್ದೆ ತರುತ್ತೆ. ಎರಡನ್ನೂ ನುಂಗಿಕೊಂಡು ಈಕೆ ಸ್ಕೂಟರ್ ಓಡಿಸಿಕೊಂಡು ಪಿ.ಬಿ. ರಸ್ತೆ ದಾಟಿ ಮಂಡಿಗೆ ಹೋಗುತ್ತಿದ್ದರು. ತೂಕದ ಅಂಕಿ ತಪ್ಪಿದ್ದರಲ್ಲಿ ನನಗೇನೂ ಆಶ್ಚರ್ಯವಾಗಲಿಲ್ಲ.

ಮಾತ್ರೆ ಬದಲಿಸೋದು ನನ್ನ ಕೆಲಸವಲ್ಲ. ಎರಡೂ ಮಾತ್ರೆಯ ಹೆಸರು, ಹೊತ್ತು, ಹಗಲಿನ ನಿದ್ದೆ, ಲೆಕ್ಕದ ತಪ್ಪು, ಸ್ಕೂಟರ್, ಎಲ್ಲಾ ಒಂದು ಚೀಟಿಯಲ್ಲಿ ಬರೆದು ಚರ್ಮದ ಡಾಕ್ಟರಿಗೆ ಕೊಡಿ ಅಂದೆ. ನಮ್ಮಲ್ಲಿ ಡಾಕ್ಟರೆದುರು ಕೂತಾಗ "ತುರಿಕೆ ಇದೆ" ಅಂತಷ್ಟೇ ಹೇಳಿ ಬರುತ್ತೇವೆ. ಮಾತ್ರೆಯಿಂದ ಆಗುವ ತೊಂದರೆ ಹೇಳಿದರೆ ಅವರಿಗೆ ಬೇಜಾರಾಗುತ್ತೆ ಅಂತಲೋ ಏನೋ. ಅದನ್ನೇ ಮೊದಲು ಹೇಳಬೇಕು. ಮಂಪರು ಹೋಗುವವರೆಗೆ ಸ್ಕೂಟರ್ ಮುಟ್ಟಬೇಡಿ ಅಂತಲೂ ಹೇಳಿದೆ.

ಇನ್ನೊಂದು ಹೆದರಿಕೆ ಇತ್ತು. ಒಮ್ಮೆ ಸಿಟ್ಟಿನಲ್ಲಿ ಮಾತ್ರೆ ಪೂರ್ತಿ ನಿಲ್ಲಿಸಿದಾಗ ಮೈಯೆಲ್ಲಾ ಬೆಂಕಿ ಬಿದ್ದ ಹಾಗೆ ತುರಿಕೆ ಬಂದು, "ನಾನು ಮಾತ್ರೆಗೆ ಅಡಿಕ್ಟ್ ಆಗಿದ್ದೀನಿ" ಅಂತ ತೀರ್ಮಾನಿಸಿದ್ದರು. ಸಿಟ್ರಿಜಿನ್, ಲಿವೊಸಿಟ್ರಿಜಿನ್‌ಗಳನ್ನು ತಿಂಗಳುಗಟ್ಟಲೆ ದಿನವೂ ತಗೊಂಡು ನಿಲ್ಲಿಸಿದರೆ ಕೆಲವರಿಗೆ ಜೋರು ತುರಿಕೆ ಬರುತ್ತೆ ಅಂತ ಅಮೆರಿಕದ ಔಷಧ ಇಲಾಖೆ 2025ರಲ್ಲಿ ಎಚ್ಚರಿಕೆ ಕೊಟ್ಟಿದೆ. ಅದು ಚಟ ಅಲ್ಲ. ಮೂಲ ಕಾಯಿಲೆಯೇ ಇನ್ನೂ ಒಳಗಿದ್ದು ಮರಳಿರಲೂಬಹುದು. ನಿಲ್ಲಿಸೋದನ್ನು ಡಾಕ್ಟರನ್ನು ಕೇಳಿ ನಿಲ್ಲಿಸಿ ಅಂದೆ.

ಈಗ ಊಟದ ವಿಷಯ. ನನ್ನ ಪ್ರಕಾರ ಗಿರಿಜಾ ಅವರನ್ನು ಜಾಸ್ತಿ ಹಿಂಡಿದ್ದು ಇದೇ. ಬದನೆಕಾಯಿ ನಂಜು ಅಂತ ಬಿಡಿಸಿದರು. ಆಮೇಲೆ ಶೇಂಗಾ, ಮೊಟ್ಟೆ, ಹುಣಸೆಹುಳಿ, ಮೊಸರು. ದಾವಣಗೆರೆಯಲ್ಲಿದ್ದುಕೊಂಡು ಮಂಡಕ್ಕಿ-ಮಿರ್ಚಿ ಬಿಡೋದು ಒಂಥರಾ ವನವಾಸವೇ ಅಲ್ವಾ? ಕೊನೆಗೆ ಉಳಿದಿದ್ದು ಅನ್ನ, ತಿಳಿಸಾರು, ರೊಟ್ಟಿ. ಸಾವಿರಾರು ರೂಪಾಯಿ ಕೊಟ್ಟು ಅಲರ್ಜಿ ಪ್ಯಾನಲ್ (ಹಲವು ಪದಾರ್ಥ ಒಟ್ಟಿಗೆ ನೋಡುವ ಪರೀಕ್ಷೆ) ಮಾಡಿಸಿ, ಅದರಲ್ಲಿ ಗುರುತು ಬಿದ್ದ ಒಂದಷ್ಟು ಪದಾರ್ಥವನ್ನೂ ಬಿಟ್ಟರು. ಆದರೂ ಗಂಧೆ ಬಿಡಲಿಲ್ಲ. ಗಂಧೆ ಎದ್ದಾಗಲೆಲ್ಲ ಅತ್ತೆಯವರದು ಒಂದೇ ಪ್ರಶ್ನೆ: "ಏನ್ ತಿಂದೆ ಹೇಳು."

ನಾನು ಕೇಳಿದ್ದು ಇಷ್ಟು: ಶೇಂಗಾ ಚಟ್ನಿ ತಿಂದ ಒಂದೆರಡು ಗಂಟೆಯೊಳಗೆ, ತಿಂದಾಗಲೆಲ್ಲಾ, ಏಳುತ್ತಾ? ಯೋಚಿಸಿ "ಇಲ್ಲ" ಅಂದರು. ನಿಜವಾದ ಆಹಾರದ ಅಲರ್ಜಿ ಸಾಮಾನ್ಯವಾಗಿ ಹಾಗೆ ಬೇಗ, ತಿಂದಾಗಲೆಲ್ಲಾ ಮುಖ ತೋರಿಸುತ್ತೆ. ಆರು ವಾರ ದಾಟಿ, ಹೀಗೆ ಹೊತ್ತುಗೊತ್ತಿಲ್ಲದೆ ಏಳುವ ಗಂಧೆಯಲ್ಲಿ ಬಹಳಷ್ಟು ಸಲ ಹೊರಗಿನ ಕಾರಣವೇ ಇರಲ್ಲ. ಚರ್ಮದಲ್ಲಿರುವ ಮಾಸ್ಟ್ ಕೋಶಗಳು ತಮ್ಮಷ್ಟಕ್ಕೇ ತುರಿಕೆ ತರುವ ಹಿಸ್ಟಮಿನ್ ಚೆಲ್ಲುತ್ತವೆ, ಎಷ್ಟೋ ಜನರಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಅವನ್ನು ಕೆಣಕಿರುತ್ತೆ. ಥೈರಾಯ್ಡ್ ತೊಂದರೆ ಜೊತೆಗಿರುವುದುಂಟು, ಅದಕ್ಕೆ ಡಾಕ್ಟರು ಆ ಪರೀಕ್ಷೆ ಬರೆಯುತ್ತಾರೆ. ಪ್ಯಾನಲ್‌ನಲ್ಲಿ ಗುರುತು ಬಿದ್ದ ಮಾತ್ರಕ್ಕೆ ಅದೇ ಕಾರಣ ಅಂತಲೂ ಅಲ್ಲ. ಡಾಕ್ಟರು ಒಪ್ಪಿದರೆ ಊಟ ಒಂದೊಂದಾಗಿ ವಾಪಸ್ ಬರಲಿ ಅಂದೆ. ಬದಲಿಗೆ ಇನ್ನೊಂದನ್ನು ಗಮನಿಸಿ: ಮುಟ್ಟಿನ ಹೊಟ್ಟೆನೋವಿಗೆ ತಗೊಳ್ತಿದ್ದ ಐಬುಪ್ರೊಫೆನ್. ಈ ಜಾತಿಯ ನೋವಿನ ಮಾತ್ರೆಗಳು ಕೆಲವರಲ್ಲಿ ಗಂಧೆಯನ್ನು ಕೆರಳಿಸುತ್ತವೆ. ಅದನ್ನು ಯಾರೂ ಪಟ್ಟಿಗೆ ಸೇರಿಸಿರಲಿಲ್ಲ.

ಅತ್ತೆಯವರು ಚಳ್ಳಕೆರೆ ಕಂಬಳಿಯಲ್ಲಿ ಮೈ ಉಜ್ಜುತ್ತಿದ್ದರು. ಪ್ರೀತಿಯಿಂದಲೇ. ಆದರೆ ಉಜ್ಜಿದಷ್ಟೂ, ಬಿಗಿದಷ್ಟೂ, ಸೆಕೆಯಾದಷ್ಟೂ ಇದು ಏಳುತ್ತೆ. ತಣ್ಣೀರಲ್ಲಿ ಅದ್ದಿದ ಬಟ್ಟೆ, ಸಡಿಲ ಹತ್ತಿ ಬಟ್ಟೆ, ಲಾಡಿಯ ಬದಲು ಅಗಲ ಪಟ್ಟಿ ಸಾಕು. ಸರ್ಪದೋಷ ಅಂತ ನಾಗರಕಲ್ಲಿಗೆ ಹಾಲೆರೆಯುವ ಹರಕೆಯೂ ಇತ್ತು. ಮಾಡಿಸಿ, ಮಾತ್ರೆ ಮಾತ್ರ ಬಿಡಬೇಡಿ ಅಂದೆ.

ಲೆಕ್ಕದವರಿಗೆ ಲೆಕ್ಕವೇ ಸರಿ. ಡಾಕ್ಟರುಗಳು ಬಳಸುವ ಒಂದು ಅಂಕಪದ್ಧತಿ ಇದೆ. ದಿನಕ್ಕೆ ಗಂಧೆಗೆ 0ಯಿಂದ 3, ತುರಿಕೆಗೆ 0ಯಿಂದ 3. ಗಂಧೆ 20ಕ್ಕಿಂತ ಕಡಿಮೆಯಿದ್ದರೆ 1, 20ರಿಂದ 50 ಇದ್ದರೆ 2, ಅದಕ್ಕಿಂತ ಜಾಸ್ತಿಯಾದರೆ 3. ವಾರಕ್ಕೆ ಗರಿಷ್ಠ 42. ಗಿರಿಜಾ ಅದನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕದ ಪಕ್ಕ, ಕೆಂಪು ಇಂಕಿನಲ್ಲಿ ಬರೆದರು. ಜೊತೆಗೆ ಮೊಬೈಲಿನಲ್ಲಿ ಫೋಟೊ. ಒಂದು ಗಂಧೆಗೆ ಪೆನ್ನಿನಲ್ಲಿ ಗೆರೆ ಎಳೆದು ನೋಡಿ ಅಂತಲೂ ಹೇಳಿದ್ದೆ: 24 ಗಂಟೆ ದಾಟಿಯೂ ಅಲ್ಲೇ ಇದ್ದು, ಉರಿದು ನೋಯುತ್ತಾ ಕಲೆ ಬಿಟ್ಟರೆ ಅದು ಬೇರೆ ಕಾಯಿಲೆ ಇರಬಹುದು, ತೋರಿಸಬೇಕು. ತುಟಿ, ನಾಲಿಗೆ ಊದಿ ಉಸಿರು ಕಟ್ಟಿದರೆ, ದನಿ ಬದಲಾದರೆ, ಕಾಯೋದು ಬೇಡ, 108ಕ್ಕೆ ಫೋನ್ ಮಾಡಿ.

ಗಂಡನ ಜೊತೆ ಬೇರೆಯಾಗಿ ಕೂತೆ. ಮಾತ್ರೆಯ ವಿಷಯ ತಿಳಿದು ಅವರಿಗೆ ಸಮಾಧಾನವಾಯಿತು, ಸ್ವಲ್ಪ ನಾಚಿಕೆಯೂ. "ಸೋಮಾರಿ ಅಂದ್ಬಿಟ್ಟಿದ್ದೆ" ಅಂದರು. "ಕೆರೀಬೇಡ" ಅನ್ನೋದನ್ನು ನಿಲ್ಲಿಸಿ ಅಂತ ಕೇಳಿಕೊಂಡೆ. ಕೆರೆಯೋದು ಆಕೆಗೆ ಮೋಜಲ್ಲ. ಇದು ಅಂಟುರೋಗವಲ್ಲ, ಮಗಳನ್ನು ಪಕ್ಕದಲ್ಲಿ ಮಲಗಿಸಿಕೊಳ್ಳಬಹುದು ಅಂತಲೂ ಹೇಳಿದೆ. ಯಾವಾಗ ಹೋಗುತ್ತೆ ಅಂತ ಕೇಳಿದರು. ಎಷ್ಟೋ ಜನರಿಗೆ ಕೆಲವು ವರ್ಷಗಳಲ್ಲಿ ತಾನಾಗೇ ಅಡಗುತ್ತೆ, ದಿನ ಹೇಳೋಕಾಗಲ್ಲ.

ಚರ್ಮದ ಡಾಕ್ಟರು ಹಳೇ ಮಾತ್ರೆ ಬಿಡಿಸಿ, ನಿದ್ದೆ ಅಷ್ಟಾಗಿ ತರದ ಫೆಕ್ಸೊಫೆನಡಿನ್‌ಗೆ ಬದಲಿಸಿದರು. ತುರಿಕೆ ಬಂದಾಗ ಮಾತ್ರವಲ್ಲ, ದಿನವೂ. ಹಣ್ಣಿನ ರಸದ ಜೊತೆ ಅಲ್ಲ, ನೀರಿನಲ್ಲಿ. ಸಾಲದಿದ್ದರೆ ಹೊಸ ತಲೆಮಾರಿನ ಮಾತ್ರೆಯ ಪ್ರಮಾಣವನ್ನು ಡಾಕ್ಟರೇ ನಾಲ್ಕು ಪಟ್ಟಿನವರೆಗೆ ಏರಿಸಬಹುದು, ಅದಕ್ಕೂ ಬಗ್ಗದಿದ್ದರೆ ಒಮಲಿಜುಮ್ಯಾಬ್ ಇಂಜೆಕ್ಷನ್ ಇದೆ, ದುಬಾರಿ. ಗಿರಿಜಾಗೆ ಅಲ್ಲಿವರೆಗೆ ಹೋಗಬೇಕಾಗಿಲ್ಲ, ಸದ್ಯಕ್ಕೆ. ಮೊದಲ ವಾರ 31 ಇದ್ದ ಮೊತ್ತ ಈಗ 14ಕ್ಕೆ ಇಳಿದಿದೆ. ಹಗಲು ಎಚ್ಚರವಾಗಿರುತ್ತಾರೆ. ಮಿರ್ಚಿ ತಿಂದರಂತೆ, ಏನೂ ಆಗಲಿಲ್ಲವಂತೆ. ಆದರೆ ಅತ್ತೆಯವರು ಇನ್ನೂ ಒಪ್ಪಿಲ್ಲ, ಬದನೆಕಾಯಿ ಮನೆಗೇ ಬರುತ್ತಿಲ್ಲ. ಮುಂದಿನ ಸಲ ಅವರನ್ನೂ ಕರೆದುಕೊಂಡು ಬನ್ನಿ ಅಂದಿದ್ದೇನೆ.